ಉದ್ದಪ್ಪ ಬ್ಯಾಡ ಅಂದ ದಿನ

ಇಂದ್ರವ್ವನ ಕಥೆಯನ್ನು ಇಂದ್ರವ್ವನೇ ಹೇಳಬೇಕಿತ್ತು. ಅವಳಿಗೆ ಬರೆಯಲು ಬಾರದು, ನನಗೆ ಅಷ್ಟಿಷ್ಟು ಬರುತ್ತದೆ, ಅದೊಂದೇ ಧೈರ್ಯ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೂಡಲಗಿ ಬಸ್ಸಿನಲ್ಲಿ ಕುಳಿತಾಗಲೆಲ್ಲ ಸಂಶೋಧಕಿ ದಾಕ್ಷಾಯಿಣಿಗೆ, ಅಧ್ಯಯನಕ್ಕೆಂದು ಇಂದ್ರವ್ವನ ಜೊತೆ ಊರೂರು ತಿರುಗಿದ ಆ ಚಳಿಗಾಲ ನೆನಪಾಗುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಪಕ್ಕದಲ್ಲಿ ಇಂದ್ರವ್ವ ಶೇಂಗಾ ಸುಲಿಯುತ್ತ, ಅರ್ಧ ತಾನು ತಿಂದು ಅರ್ಧ ಇವಳ ಅಂಗೈಗೆ ಹಾಕುತ್ತಿದ್ದಳು. ಬುದ್ಧಿ ಕಡಿಮೆ ಎಂದು ಊರವರು ಬದಿಗಿಟ್ಟ ಮಂದಿಯನ್ನೇ ಕಂಡು, ಅವರಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳುವ ಅಧ್ಯಯನ ಅದು. ಇಂದ್ರವ್ವನೂ ಅಂಥವಳೇ. ಆದರೂ ಗೋಕಾಕದ ಸಂಸ್ಥೆ ಅವಳನ್ನು ದಾಕ್ಷಾಯಿಣಿಗೆ ಸರಿಸಮನಾದ ಸಂಶೋಧಕಿ ಎಂದೇ ನೇಮಿಸಿತ್ತು.

ಯಾವ ಮನೆಗೆ ಹೋದರೂ ದಾಕ್ಷಾಯಿಣಿ ಹಿರಿಯರ ಮರ್ಯಾದೆಗೆಂದು ಮೊದಲು ತಾಯಿಯನ್ನು ಮಾತಾಡಿಸುವವಳು. ಇಂದ್ರವ್ವ ನೇರ ಆ ಮಗನ ಇಲ್ಲವೆ ಮಗಳ ಹತ್ತಿರ ಹೋಗಿ ಕೂತು, ದಿನಾಲೂ ಹೊಸದಾಗಿ ಕೇಳುವಳು: "ಇವತ್ತ ಮಾತಾಡೂಣೇನ? ಬ್ಯಾಡಂದ್ರ ಹೋಗ್ತೇವಿ."

"ನಿನ್ನೆ ಹೂಂ ಅಂದಾನಲ್ಲ, ಇಂದ್ರಕ್ಕಾ?"

"ನಿನ್ನೆ ನೀ ರೊಟ್ಟಿ ತಿಂದಿ. ಇವತ್ತ ಹಸಿವಿಲ್ಲಂದ್ರ ಬಾಯಾಗ ತುರುಕಲೇನ?"

ಮಸಗುಪ್ಪಿಯ ಉದ್ದಪ್ಪ ಎರಡು ದಿನ ಬಿಚ್ಚುಮನಸ್ಸಿನಿಂದ ಮಾತಾಡಿದ. ಎಮ್ಮೆ ಮೈ ತೊಳೆಯುವುದು, ತಮ್ಮನ ಮದುವೆಯ ದಿನ ತನ್ನನ್ನು ಒಳಕೋಣೆಯಲ್ಲಿ ಕೂಡಿಹಾಕಿದ್ದು. ಅವರು ಮಾತಾಡಿಸಿದ ಮೂವತ್ತು ಮಂದಿಯಲ್ಲಿ ಅಷ್ಟು ಹೇಳಿದವರು ಬೇರೆ ಯಾರೂ ಇಲ್ಲ. ಮೂರನೆಯ ದಿನ ಬರೆದದ್ದನ್ನು ಓದಿ ಹೇಳಿದಾಗ ಅವನು ಗೋಡೆಯತ್ತ ತಿರುಗಿದ.

"ಬ್ಯಾಡ. ಕೊಡಬ್ಯಾಡ್ರಿ ಯಾರಿಗೂ."

"ಅಂವಗೇನ ತಿಳೀತೈತ್ರಿ!" ಎಂದಳು ತಾಯಿ ಕಾಶೆವ್ವ. "ಒಪ್ಪಿಗಿ ಅಂತ ನಾ ಹೆಬ್ಬೆಟ್ಟ ಒತ್ತೇನಲ್ಲ, ಒಯ್ರಿ."

ದಾಕ್ಷಾಯಿಣಿ ಹಾಳೆಗಳನ್ನು ಚೀಲಕ್ಕೆ ಸೇರಿಸಿದಳು. ಬಸ್ಸು ಹೊರಟ ಮೇಲೆ ಇಂದ್ರವ್ವ ಕೇಳಿದಳು, "ಆ ಹಾಳಿ ಯಾಕ ತಂದಿ?"

"ಅವ್ವ ಒಪ್ಪಿದ್ಲಲ್ಲ. ಅವನ ಹೆಸರ ಬದಲಿ ಮಾಡೂಣು."

"ನನ್ನ ಹೆಸರ ಪುಸ್ತಕದಾಗ ಹಾಕ್ತೀರಿಲ್ಲ?"

"ನಿಂದ ಮೊದಲ ಹಾಕ್ತೇವಿ."

"ಅದನ್ನೂ ತಗೀರಿ. ನಮ್ಮವ್ವನೂ ಹಿಂಗ ನನ್ನ ಬದಲಿ ಹೂಂ ಅಂತಿದ್ಲು. ನಮ್ಮಂಥವ್ರು ಬ್ಯಾಡ ಅಂದದ್ದ ನಡೀಲಿಲ್ಲಂದ್ರ ನಾ ಯಾಕ ಬರಬೇಕು? ಶೇಂಗಾ ಸುಲಿಯಾಕೇನ?"

ದಾಕ್ಷಾಯಿಣಿ ಚೀಲದಿಂದ ಹಾಳೆಗಳನ್ನು ಹೊರತೆಗೆದಳು. ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದು, ಕಬ್ಬಿನ ಗದ್ದೆಗಳ ಬದಿಗೆ ನಡೆದು ವಾಪಸು ಹೋದರು. ಉದ್ದಪ್ಪ ಹಾಳೆಗಳನ್ನು ಎಣಿಸದೆ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. "ಚಾ ಕುಡೀರಿ" ಎಂದ, ಅಷ್ಟೇ.

ವರದಿ ಇಪ್ಪತ್ತೊಂಬತ್ತು ಮಂದಿಯದಾಯಿತು. ಇಂದ್ರವ್ವ ಈಗ ಹುಕ್ಕೇರಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅಷ್ಟು ಮನಸಾರೆ ಹೇಳಿದ್ದನ್ನು ಉದ್ದಪ್ಪ ಯಾಕೆ ವಾಪಸು ಪಡೆದ? ಅವರಿಬ್ಬರೂ ಅವನನ್ನು ಕೇಳಲಿಲ್ಲ. ನನಗೂ ಗೊತ್ತಿಲ್ಲ.