ಮೂರನೇ ಬ್ಯಾಚು

ಹೆಮ್ಮಿಗೆಯ ಬೆಟ್ಟಯ್ಯ ಕೊಟ್ಟಿಗೆಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ. ಎಂಟು ಗಂಟೆಯ ಬಸ್ಸಿಗೆ ತಿ. ನರಸೀಪುರದ ಇಂಗ್ಲಿಷ್ ಕ್ಲಾಸಿಗೆ ಹೋಗಬೇಕಿದ್ದ ಮಗಳು ಮೇಘನಾ ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಸಗಣಿ ಬಾಚುತ್ತಿದ್ದಳು.

"ಯಾಕವ್ವ, ಬಸ್ಸಿಗೆ ಒತ್ತಾಗ್ಲಿಲ್ವಾ?"

"ಇನ್ಮೇಲೆ ಹೋಗಲ್ಲ ಅಪ್ಪಾಜಿ. ನಂಜನಗೂಡು ಆಸ್ಪತ್ರೆಗೂ ನಿನ್ನೆ ಫೋನ್ ಮಾಡಿ, ಇಂಟರ್‌ವ್ಯೂಗೆ ಬರಲ್ಲ ಅಂದ್ಬಿಟ್ಟೆ."

ಬೆಟ್ಟಯ್ಯ ಗಾಬರಿಯಿಂದ ಅವಳ ಹತ್ತಿರ ಹೋದ. ನರ್ಸಿಂಗ್ ಮುಗಿಸಿದ ಮಗಳು. ಆ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ತಿಳಿಯಬೇಕು, ರೋಗಿಯ ವಿವರ ಇಂಗ್ಲಿಷಿನಲ್ಲೇ ಬರೆಯಬೇಕು. ನಾಲ್ಕು ತಿಂಗಳಿಂದ ಕ್ಲಾಸಿಗೆ ಓಡಾಡಿದ್ದು ಅದಕ್ಕಾಗಿಯೇ.

"ಯಾರಾರ ಏನಾರ ಅಂದ್ರೇನವ್ವ?"

"ಯಾರೂ ಏನೂ ಅಂದಿಲ್ಲ. ನನ್ ತಲೆಗೇ ಹತ್ತಲ್ಲ. ಮೇಷ್ಟ್ರು ಕೇಳ್ತಾರೆ, ಪಕ್ಕದಲ್ಲಿ ಕೂತ ರೋಜಾ ಪಟಪಟ ಉತ್ತರ ಕೊಡ್ತಾಳೆ. ನಾನು ಗೋಡೆ ನೋಡ್ಕೊಂಡು ಕೂತಿರ್ತೀನಿ. ಟೆಸ್ಟ್ ಮಾಡೇ ಎಲ್ಲಕ್ಕಿಂತ ಮೇಲಿನ ಮೂರನೇ ಬ್ಯಾಚಿಗೆ ಹಾಕಿದ್ದು, ಆದ್ರೂ ಅರ್ಥ ಆಗಲ್ಲ ಅಂದ್ಮೇಲೆ ದಡ್ಡಿ ನಾನೇ ಅಲ್ವಾ? ನನ್ನಂಥವಳು ನರ್ಸಾಗಿ ಯಾರ ಜೀವ ತೆಗೀಬೇಕು? ಎಲ್ಲಾದ್ರೂ ಗಂಡು ನೋಡು ಅಂತ ಅವ್ವಂಗೆ ಹೇಳಿದ್ದೀನಿ."

ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲೇ ಇಲ್ಲವೆಂಬುದು ಬೆಟ್ಟಯ್ಯನನ್ನು ಇನ್ನಷ್ಟು ಹೆದರಿಸಿತು.

ಮೂರನೇ ಬ್ಯಾಚಿನ ಗುಟ್ಟು ಮನೆಯಲ್ಲಿ ಅವನೊಬ್ಬನಿಗೆ ಗೊತ್ತು. ಕ್ಲಾಸಿಗೆ ಸೇರಿಸಲು ಹೋದ ದಿನ ರಘು ಮೇಷ್ಟ್ರು ಎಲ್ಲರಿಗೂ ಕೊಡುವ ಪರೀಕ್ಷೆಯನ್ನು ಇವಳಿಗೂ ಕೊಟ್ಟಿದ್ದರು. ಅರವತ್ತಕ್ಕೆ ಹದಿನೆಂಟು ಬಂದಿತ್ತು. ಮಗಳು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

"ಮೊದಲಿಂದ ಕಲಿಸೋ ಒಂದನೇ ಬ್ಯಾಚಲ್ಲಿ ಕೂರಲಿ ಗೌಡ್ರೇ," ಎಂದಿದ್ದರು ಮೇಷ್ಟ್ರು. "ಎಲ್ಲಿ ನಿಂತಿದ್ದಾಳೆ ಅಂತ ಗೊತ್ತಾದರೆ ತಾನೇ ಮುಂದಿನ ಹೆಜ್ಜೆ. ಇದರಲ್ಲಿ ಅವಮಾನ ಏನಿಲ್ಲ, ತಾನಾಗಿ ಮೇಲಕ್ಕೆ ಬರ್ತಾಳೆ."

"ನಮ್ ಒಲಕ್ಕೆ ಕೂಲಿಗ್ ಬರೋ ಮಾರಯ್ಯನ ಮಗ್ಳು ರೋಜಾ ಮೂರ್ನೇದ್ರಲ್ಲಿ ಕೂತವ್ಳೆ ಸಾ. ನನ್ ಮಗ್ಳು ಒಂದ್ನೇದ್ರಲ್ಲಿ ಕೂತ್ರೆ ಊರಲ್ಲಿ ನಾನು ತಲೆ ಎತ್ಕಂಡು ಓಡಾಡಾದು ಎಂಗೆ?"

ಮೇಷ್ಟ್ರು ಎರಡು ಸಲ ಬೇಡವೆಂದರು, ಮೂರನೆಯ ಸಲ ಒಪ್ಪಿಕೊಂಡರು. ಹೊರಗೆ ಬಂದ ಬೆಟ್ಟಯ್ಯ, "ಮೂರ್ನೇದಕ್ಕೇ ಸೆಲೆಕ್ಟ್ ಆಗಿದ್ದೀಯಂತೆ ಕೂಸೇ," ಎಂದು ನಕ್ಕಿದ್ದ. ಅವಳು ಅಂದು ಎಷ್ಟು ಹಿಗ್ಗಿದ್ದಳೆಂಬುದು ನೆನಪಾಗಿ ಈಗ ಅವನಿಗೆ ನಾಚಿಕೆಯಾಯಿತು. ಒಣ ಪ್ರತಿಷ್ಠೆಗೆ ಮಗಳ ಬುಡಕ್ಕೇ ಬಿಸಿನೀರು ಹುಯ್ದಿದ್ದ.

ತಿಪ್ಪೆಯ ಹತ್ತಿರ ಹೋಗಿ, ತಡವರಿಸುತ್ತಲೇ ಎಲ್ಲವನ್ನೂ ಹೇಳಿದ. ಮೇಘನಾ ಬುಟ್ಟಿ ಕೆಳಗಿಟ್ಟಳು.

"ಅಂದ್ರೆ ನಾನು ದಡ್ಡಿ ಅಲ್ವಾ?"

"ಅಲ್ಲ ಕಣವ್ವ. ದಡ್ಡ ನಾನು."

"ಅದು ನನ್ ಪರೀಕ್ಷೆ ಅಪ್ಪಾಜಿ. ಎಷ್ಟು ಬಂತು ಅಂತ ನಂಗೊಬ್ಬಳಿಗೇ ಗೊತ್ತಿರಲಿಲ್ಲ." ಅವಳು ಅಪ್ಪನ ಕಡೆ ತಿರುಗಿದಳು. "ನಾಲ್ಕು ತಿಂಗಳು ನನ್ನ ನಾನೇ ಬೈಕೊಂಡಿದ್ದೀನಿ."

ಆ ದಿನವೆಲ್ಲ ಅವಳು ಅಪ್ಪನೊಡನೆ ಮಾತಾಡಲಿಲ್ಲ. ಮರುದಿನ ಒಬ್ಬಳೇ ಹೋಗಿ ಮೇಷ್ಟ್ರನ್ನು ಕಂಡು, ಒಂದನೇ ಬ್ಯಾಚಿನಲ್ಲಿ ಕೂತು ಬಂದಳು. ಆಸ್ಪತ್ರೆಯವರು ಆಗಲೇ ಬೇರೆಯವರನ್ನು ಕರೆದಿದ್ದರು. ಮುಂದಿನ ಸಲ ಅರ್ಜಿ ಹಾಕಿ ಎಂದರು.

ಒಂದು ವಾರ ಕಳೆಯಿತು. ಡೈರಿಯ ಮುಂದೆ ಹಾಲು ಹಾಕುವವರ ಸಾಲಿನಲ್ಲಿ ಬೆಟ್ಟಯ್ಯನ ಹಿಂದೆ ಮಾರಯ್ಯ ನಿಂತಿದ್ದ.

"ಗೌಡ್ರೇ, ಮೇಘನವ್ವ ಬ್ಯಾಚಲ್ಲಿ ಕಾಣ್ತಿಲ್ಲ ಅಂತ ರೋಜಾ ಏಳ್ತಿದ್ಳು. ಉಸಾರಾಗವ್ಳಾ?"

ಸಾಲಿನಲ್ಲಿದ್ದವರು ಇತ್ತ ತಿರುಗಿದರು. ಜ್ವರ ಎಂದರೆ ಮುಗಿಯುತ್ತಿತ್ತು, ಆ ಮಾತು ನಾಲಿಗೆಯ ತುದಿಗೂ ಬಂತು. ಬೆಟ್ಟಯ್ಯ ಅದನ್ನು ನುಂಗಿಕೊಂಡ.

"ಒಂದ್ನೇ ಬ್ಯಾಚಲ್ಲವ್ಳೆ ಮಾರಯ್ಯ. ಮೊದ್ಲೇ ಅಲ್ಲಿ ಕೂರ್ಬೇಕಿತ್ತು. ನಿನ್ ಮಗ್ಳಿಗಿಂತ ಕೆಳಗ್ ಕೂರ್ಬಾರ್ದು ಅಂತ ನಾನೇ ಅಟ ಮಾಡಿ ಕೆಡಿಸ್ದೆ."

ಮಾರಯ್ಯ ತನ್ನ ಕ್ಯಾನು ಕೆಳಗಿಟ್ಟ.

"ಕೆಳಗೇನ್ ಬಂತು ಗೌಡ್ರೇ," ಎಂದ. "ನಮ್ ರೋಜಾನೂ ಒಂದ್ನೇದ್ರಲ್ಲೇ ಸುರು ಮಾಡಿದ್ದು. ಕಳ್ದ ವರ್ಸ ಪೂರ್ತಿ ಅಲ್ಲೇ ಕೂತಿದ್ಳಲ್ಲ."

ಬೆಟ್ಟಯ್ಯನಿಗೆ ಕ್ಯಾನು ಕೆಳಗಿಡುವುದೂ ಮರೆತುಹೋಯಿತು. ಆ ವರ್ಷವೆಲ್ಲ ಮಾರಯ್ಯ ದುಡಿದದ್ದು ಇವನ ಹೊಲದಲ್ಲೇ. ರೋಜಾ ಏನು ಓದುತ್ತಿದ್ದಾಳೆ ಎಂದು ಬೆಟ್ಟಯ್ಯ ಒಂದು ದಿನವೂ ಅವನನ್ನು ಕೇಳಿರಲಿಲ್ಲ.