ಸದ್ದಿಲ್ಲದ ಗುಂಡಿ

ಬೀದರಿನಲ್ಲಿ ಹಾರ್ಮೋನಿಯಂ ಕೆಟ್ಟರೆ ಜನ ಹುಡುಕಿಕೊಂಡು ಬರುವುದು ಖಾಸಿಂ ಅಲಿಯನ್ನು, ಅಂದರೆ ನನ್ನನ್ನು. ಆ ಸೊಕ್ಕೇ ನನಗೆ ಮುಳುವಾಯಿತು.

ಚರ್ಚಿನ ಹಳೇ ಪೈಪ್ ಆರ್ಗನ್ನಿನಲ್ಲಿ ಒಂದು ಸ್ವರ ಬೆರಳು ತೆಗೆದರೂ ನಿಲ್ಲದೆ ಕೂಗುತ್ತಿತ್ತು. ನಲವತ್ತು ವರ್ಷದಿಂದ ಅದನ್ನು ನುಡಿಸುತ್ತಿದ್ದ ಗುರಮ್ಮ ಟೀಚರು ಔರಾದಿನ ಮಗಳ ಮನೆಗೆ ಹೊರಟವರು ನನ್ನ ಅಂಗಡಿಗೆ ಬಂದರು.

"ಭಾನುವಾರ ಮೊದಲನೇ ಹಾಡಿಗಿ ಇದು ಸರಿಯಾಗಿ ನುಡೀಲಿಲ್ಲಂದ್ರ ಕಿತ್ತು ಹಾಕಿ ಕೀಬೋರ್ಡ್ ಇಡ್ತಾರಂತ್ರಿ. ಕಮಿಟಿ ಕಾಶೀರಾಮ ಹೇಳ್ಯಾರ. ಆ ಒಂದು ಸ್ವರ ನೋಡ್ರಿ ಖಾಸಿಂಭಾಯಿ, ಉಳಿದದ್ದು ಮುಟ್ಟಬ್ಯಾಡ್ರಿ."

ಹೂಂ ಅಂದೆ. ಕಿವಿಗೆ ಹಾಕಿಕೊಂಡಿದ್ದರೆ ತಾನೇ!

ಮೂರು ದಿನ ಆ ಪೆಟ್ಟಿಗೆ ನನ್ನ ತಲೆ ತಿಂದಿತು. ಎದುರಿಗೆ ಹೊಳೆಯುವ ಕೊಳವೆಗಳನ್ನು ಇಡೀ ದಿನ ಕೂತು ಒರೆಸಿದೆ. ನೋಡಿದರೆ ಅವು ಬರೀ ಅಲಂಕಾರಕ್ಕೆ, ನುಡಿಯುವ ಕೊಳವೆಗಳೆಲ್ಲ ಒಳಗೆ! ತಿದಿ ಒತ್ತುವ ಹಿಡಿಕೆ ಗೋಡೆಯಾಚೆಯ ಕೋಣೆಯಲ್ಲಿತ್ತು. ಅಲ್ಲಿ ನನ್ನ ಹೆಂಡತಿ ನಾಹೀದಳನ್ನು ನಿಲ್ಲಿಸಿ, "ಒತ್ತು" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅವಳು ನನ್ನನ್ನೂ ಆರ್ಗನ್ನನ್ನೂ ಸೇರಿಸಿ ಬೈಯುತ್ತ ಒತ್ತುತ್ತಿದ್ದಳು.

ಕೊನೆಗೆ ಸಿಕ್ಕಿತು. ಸ್ವರದ ಮನೆಗಳ ಪಕ್ಕದಲ್ಲಿದ್ದ, ಹೊರಕ್ಕೆ ಎಳೆಯುವ ಒಂದು ಗುಂಡಿಯಿಂದ ಗೋಡೆಯೊಳಕ್ಕೆ ಹೋಗುವ ತಂತಿ ಸಡಿಲಾಗಿ ಜೋತುಬಿದ್ದು ಆ ಸ್ವರದ ಕಡ್ಡಿಯನ್ನು ಅದುಮಿತ್ತು. ಗುಂಡಿ ಎಳೆದೆ, ಸದ್ದಿಲ್ಲ. ಹಾರ್ಮೋನಿಯಂಗಳಲ್ಲೂ ಅಂದಕ್ಕೆಂದು ಇಂಥ ಸುಳ್ಳು ಗುಂಡಿ ಇಡುತ್ತಾರೆ, ನಾನೇ ಎಷ್ಟೋ ಇಟ್ಟಿದ್ದೇನೆ. ತಂತಿ ಕತ್ತರಿಸಿದೆ. ಸ್ವರ ಬಾಯಿ ಮುಚ್ಚಿತು.

ಭಾನುವಾರ ಹಿಂದಿನ ಬೆಂಚಿನಲ್ಲಿ ಎದೆಯುಬ್ಬಿಸಿ ಕೂತೆ. ಔರಾದಿನ ಬಸ್ಸಿಳಿದು ನೇರ ಬಂದ ಗುರಮ್ಮ ಮೊದಲು ಎಳೆದದ್ದು ಅದೇ ಗುಂಡಿಯನ್ನು. ಕಾದರು. ಮತ್ತೆ ಎಳೆದರು. ಬೆರಳು ಒತ್ತಿದರು. ಆರ್ಗನ್ನಿಗೆ ಉಸಿರೇ ಇಲ್ಲ. ಕಾಶೀರಾಮರು ಗಡಿಯಾರ ನೋಡಿಕೊಂಡರು.

ಹಿಂದಿನ ಕೋಣೆಗೆ ಓಡಿದೆ. ಭಾಲ್ಕಿ ಕಡೆಯ ಹಲಬರ್ಗಾದಿಂದ ಭಾನುವಾರಕ್ಕಷ್ಟೇ ಬರುವ ಪಂಢರಿ, ಎರಡೂ ಕಿವಿ ಕೇಳದ ಮುದುಕ, ತಿದಿಯ ಹಿಡಿಕೆ ಹಿಡಿದು ಗೋಡೆಯ ಮೇಲಿನ ಕೆಂಪು ಹಲಗೆಯನ್ನೇ ನೋಡುತ್ತ ನಿಂತಿದ್ದ. ಅಲ್ಲಿ ಗುಂಡಿ ಎಳೆದರೆ ಇಲ್ಲಿ ಹಲಗೆ ಏಳಬೇಕು. ಅದು ಮೇಲಿರುವವರೆಗೆ ಅವನು ಒತ್ತಬೇಕು. ಹಲಗೆಯಿಂದ ನಾನು ಕತ್ತರಿಸಿದ ತಂತಿ ನೇತಾಡುತ್ತಿತ್ತು. ಬಿಗಿಮಾಡಿದ್ದರೆ ಸಾಕಿತ್ತಲ್ಲ! ಥೂ, ನನ್ನ ಕೈಗೆ ಬೆಂಕಿ ಬೀಳಲಿ.

ಹಲಗೆಯನ್ನು ಕೈಯಿಂದಲೇ ಎತ್ತಿದೆ. ಪಂಢರಿಯ ಮುಖ ಅರಳಿತು, ಒತ್ತತೊಡಗಿದ. ತಿದಿ ತುಂಬಿದಂತೆ, ಗಾಳಿಯ ಅಳತೆ ತೋರಿಸಲು ದಾರಕ್ಕೆ ಕಟ್ಟಿದ ಸೀಸದ ತುಂಡು ಕೆಳಗಿಳಿದು ಗೋಡೆಯ ಗೆರೆಯ ಹತ್ತಿರ ನಿಂತಿತು. ಆರ್ಗನ್ ನುಡಿದರೆ ಗಾಳಿ ಖರ್ಚಾಗಿ ಅದು ಮೇಲೇರಬೇಕು. ಏರಲಿಲ್ಲ.

ಗೋಡೆಯಾಚೆ ಕೀಬೋರ್ಡ್ ಶುರುವಾಗಿತ್ತು. ಜನ ಅದರ ಜೊತೆ ಹಾಡುತ್ತಿದ್ದರು.

ಪಂಢರಿ ಸೀಸವನ್ನು ನೋಡಿದ, ನನ್ನನ್ನು ನೋಡಿದ. "ಗಾಳಿ ತುಂಬ್ಯಾದ್ರಿ. ಟೀಚರ್ ಬಾಯಾರು ಯಾಕ ಬಾರ್ಸ್ಲತ್ತಿಲ್ರಿ?"

ಹಲಗೆ ಇಳಿಸಿದರೆ ಅವನು ನಿಲ್ಲಿಸುತ್ತಿದ್ದ. ನನಗೆ ಕೈ ಇಳಿಸಲಾಗಲಿಲ್ಲ.