ಒಂದೇ ಬ್ರೇಕಿನ ಸೈಕಲ್ಲು

ನಾನು ಒಂದು ಸೈಕಲ್ಲು. ಅದರಲ್ಲೂ ಮಹಾ ಪುಕ್ಕಲು ಸೈಕಲ್ಲು. ತಮ್ಮ ಕಥೆ ಹೇಳಿಕೊಳ್ಳುವವರೆಲ್ಲ ಎಂಟೆದೆಯ ಪ್ರತಾಪದಿಂದಲೇ ಶುರು ಮಾಡುತ್ತಾರಂತೆ. ನನ್ನ ಹತ್ತಿರ ಆ ಸರಕಿಲ್ಲ. ದೂರದ ಕಾರ್ಖಾನೆಯಲ್ಲಿ ನನ್ನ ಕೊಳವೆಗಳಿಗೆ ಬೆಂಕಿ ತಾಗಿಸಿ ಬೆಸುಗೆ ಹಾಕಿದ ದಿನವೇ ನಡುಗಿಬಿಟ್ಟಿದ್ದೆ. ಬಣ್ಣದ ತೊಟ್ಟಿಗೆ ಇಳಿಬಿಟ್ಟಾಗ ಮುಳುಗಿ ಸತ್ತೆನೆಂದೇ ತಿಳಿದಿದ್ದೆ. ಮೇಲೆತ್ತಿದಾಗ ನೋಡಿದರೆ ಕರ್ರಗೆ ಹೊಳೆಯುತ್ತಿದ್ದೆ, ಅಷ್ಟೇ.

ನಾನು ಅಗ್ಗದ ಪೈಕಿ. ಕೊಳವೆ ತೆಳು, ಚಕ್ರದ ಕಡ್ಡಿಗಳು ಬಡಕಲು, ಸೀಟು ಗಟ್ಟಿ. ಬ್ರೇಕುಗಳು ಮಾತ್ರ ಎರಡಿದ್ದವು: ಬಲಗೈಗೆ ಮುಂದಿನದು, ಎಡಗೈಗೆ ಹಿಂದಿನದು. ಮನುಷ್ಯನ ಕಾಲು ಎಷ್ಟು ಓಡಿಸೀತು, ಅದಕ್ಕೆ ಇಷ್ಟು ಸಾಕು ಎಂದು ಯಾರೋ ಲೆಕ್ಕ ಹಾಕಿ ಮಾಡಿದ್ದರು. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಮೊದಲ ಒಡೆಯ ಖಾಜಾ ಸಾಹೇಬರು, ಚಳ್ಳಕೆರೆ ಕಡೆಯ ಹಳ್ಳಿಗಳಿಗೆ ಬನ್ನು ಬ್ರೆಡ್ಡು ಮಾರುತ್ತಿದ್ದವರು. ಅವರೂ ನನ್ನಂಥವರೇ. ಇಳಿಜಾರು ಕಂಡರೆ ಸಾಕು, ಕೆಳಗಿಳಿದು ನನ್ನನ್ನು ಎಮ್ಮೆ ಕರುವಿನ ಹಾಗೆ ಮೆಲ್ಲಗೆ ನಡೆಸುತ್ತಿದ್ದರು. ಏಳು ವರ್ಷದಲ್ಲಿ ಒಮ್ಮೆಯೂ ಒಂದು ಬನ್ನು ನೆಲಕ್ಕೆ ಬೀಳಲಿಲ್ಲ. ಕಣ್ಣು ಮಂಜಾದ ಮೇಲೆ ನನ್ನನ್ನು ತಮ್ಮ ಹಳೆಯ ಗೆಳೆಯ ದ್ಯಾಮಣ್ಣನ ಕೈಗೆ ಒಪ್ಪಿಸಿ, ಸೀಟು ತಟ್ಟಿ ಹೊರಟುಹೋದರು.

ದ್ಯಾಮಣ್ಣ ಊರಿನ ನೀರುಗಂಟಿ. ಊರ ಪಕ್ಕದ ಕಲ್ಲುಗುಡ್ಡದ ನೆತ್ತಿಯಲ್ಲಿ ನೀರಿನ ಟ್ಯಾಂಕು. ಬೆಳಿಗ್ಗೆ ಆತ ಅಲ್ಲಿಗೆ ಹತ್ತಿ ದೊಡ್ಡ ವಾಲ್ವ್ ಬಿಟ್ಟರೆ ಊರಿಗೆ ನೀರು. ಆಮೇಲೆ ಕೆಳಗಿಳಿದು ಒಂದೊಂದು ಬೀದಿಯ ವಾಲ್ವನ್ನೂ ಸರದಿಯಂತೆ ತಿರುಗಿಸಬೇಕು. ಅದಕ್ಕೆಂದೇ ಆತನ ಬಳಿ ಎದೆಯುದ್ದದ ಕಬ್ಬಿಣದ ಸಲಾಕೆ ಇತ್ತು, ಮೇಲೆ ಅಡ್ಡಪಟ್ಟಿಯ ಹಿಡಿ. ಅದನ್ನು ಸೀಟಿನಿಂದ ಹ್ಯಾಂಡಲಿಗೆ ಹೋಗುವ ನನ್ನ ನಡುಬಾರಿಗೆ ಎರಡು ಕಡೆ ಹಗ್ಗ ಬಿಗಿದು ಕಟ್ಟುತ್ತಿದ್ದ. ಇಪ್ಪತ್ತಾರು ವರ್ಷದಿಂದ ಒಂದು ದಿನವೂ ಊರನ್ನು ಕಾಯಿಸಿದವನಲ್ಲ. ಆರೂವರೆಗೆ ನಲ್ಲಿಯಲ್ಲಿ ಗಾಳಿ ಬುಸ್ಸೆಂದರೆ ಹೆಂಗಸರು ಗಡಿಯಾರ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಅದೇ ಆತನ ಹೆಮ್ಮೆ.

ಆದರೆ ಮಂಡಿಗಳು ಕೈಕೊಟ್ಟವು. ಗುಡ್ಡದ ಮೂರು ತಿರುವುಗಳಲ್ಲಿ ಆತ ನನ್ನನ್ನು ತಳ್ಳುವುದು ಹೋಗಿ, ನನ್ನ ಮೇಲೆಯೇ ಭಾರ ಬಿಟ್ಟು ನಿಲ್ಲುವುದು ಶುರುವಾಯಿತು. ಬೆವರಿದ ಅಂಗೈ ನನ್ನ ಹ್ಯಾಂಡಲನ್ನು ಒದ್ದೆ ಮಾಡುತ್ತಿತ್ತು. ಯಾರಾದರೂ ಎದುರಾದರೆ ಮಾತ್ರ ಬೀಡಿ ಹಚ್ಚಿಕೊಳ್ಳಲು ನಿಂತವನಂತೆ ನಟಿಸುತ್ತಿದ್ದ. ಹೆಂಡತಿ ತಿಪ್ಪಮ್ಮನಿಗೂ ಹೇಳಲಿಲ್ಲ. ಆಕೆ ಎಣ್ಣೆ ಕಾಸಿ ತಂದರೆ "ನಂಗೇನಾಗೈತೆ? ಗುಂಡುಕಲ್ಲು ಇದ್ದಂಗಿದೀನಿ" ಎನ್ನುತ್ತಿದ್ದ.

ನನ್ನ ಗ್ರಹಚಾರ ಶುರುವಾದದ್ದು ಸೈಕಲ್ ಶಾಪಿನ ಯರ್ರಿಸ್ವಾಮಿಯಿಂದ. ಅವನು ಮೊಬೈಲಿನಲ್ಲಿ ಏನನ್ನೋ ನೋಡಿ ಪಾರ್ಸೆಲ್ ತರಿಸಿದ್ದ. ಡಬ್ಬಿ ಬಿಚ್ಚಿದರೆ ಒಳಗೆ ತೆಂಗಿನಕಾಯಿ ಗಾತ್ರದ ಪೆಟ್ರೋಲ್ ಎಂಜಿನ್ನು, ಪುಟ್ಟ ಟ್ಯಾಂಕು, ಇನ್ನೊಂದು ಚೈನು, ಹಲ್ಲಿನ ಚಕ್ರ, ಯಾವುದೋ ದೇಶದ ಅಕ್ಷರದಲ್ಲಿ ಅಚ್ಚಾದ ಕಾಗದ. ಕಾಗದವನ್ನು ಕೈ ಒರೆಸಿಕೊಳ್ಳಲು ಬಳಸಿದ.

"ಮಾಮ, ನೀನು ಸುಮ್ನೆ ಕುಂತ್ಕೊಂಡ್ರೆ ಸಾಕು, ಗುಡ್ಡನೇ ನಿನ್ ತಾವ ಬರ್ತೈತೆ" ಎಂದ.

ದ್ಯಾಮಣ್ಣನ ಕಣ್ಣು ಹೊಳೆಯಿತು. ನನ್ನ ಎದೆ ಧಸಕ್ಕೆಂದಿತು.

ನನ್ನನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಹಿಂದಿನ ಚಕ್ರದ ಬಡಕಲು ಕಡ್ಡಿಗಳ ನಡುವೆ ರಬ್ಬರ್ ತುರುಕಿ, ಹಲ್ಲಿನ ಚಕ್ರವನ್ನು ಒಂಬತ್ತು ಬೋಲ್ಟಿನಿಂದ ಬಿಗಿದರು. ಪ್ರತಿ ಬೋಲ್ಟಿಗೂ ಕಡ್ಡಿಗಳು ಚಿಟಿಚಿಟಿ ಅನ್ನುತ್ತಿದ್ದವು. ನನ್ನ ನಡುಬಾರಿನ ಕೆಳಗೆ, ಇಷ್ಟು ದಿನ ಗಾಳಿ ಮಾತ್ರ ಆಡುತ್ತಿದ್ದ ಜಾಗದಲ್ಲಿ ಎಂಜಿನ್ನು ಕೂತಿತು. ಬಾರಿನ ಮೇಲೆ ಟ್ಯಾಂಕು. ಕೊನೆಗೆ ಎಡಗಡೆ ಕ್ಲಚ್ ಹಿಡಿ ಕೂರಿಸಬೇಕು, ಜಾಗ ಸಾಲದು. ಯರ್ರಿಸ್ವಾಮಿ ಒಂದು ಕ್ಷಣ ತಲೆ ಕೆರೆದುಕೊಂಡು, ನನ್ನ ಹಿಂದಿನ ಬ್ರೇಕನ್ನು ಬುಡಸಮೇತ ಬಿಚ್ಚಿ ಮೂಲೆಗೆಸೆದ.

"ಒಂದೇ ಬ್ರೇಕು ಸಾಕೇನಪ್ಪ?" ದ್ಯಾಮಣ್ಣ ಕೇಳಿದ.

"ಮುಂದಿಂದು ಐತಲ್ಲ ಮಾಮ. ಕ್ಲಚ್ ಹಿಡಿದ್ರೆ ಎಂಜಿನ್ ಎಳೆಯಾದು ನಿಲ್ತೈತೆ. ಇಲ್ಲಾಂದ್ರೆ ಈ ಕೆಂಪು ಗುಂಡಿ ಒತ್ತು, ಆಫ್."

ಬಾಯಿದ್ದಿದ್ದರೆ ನಾನು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿದ್ದೆ. ಓಟಕ್ಕೆ ನಾಲ್ಕು ಪಾಲು ಸೇರಿಸಿ, ನಿಲ್ಲಿಸುವ ಶಕ್ತಿಯಲ್ಲಿ ಅರ್ಧ ಕಿತ್ತುಕೊಳ್ಳುವುದು ಯಾವ ಊರಿನ ನ್ಯಾಯ? ಹೆದರಿದವರ ಮೇಲೆ ಹಾವು ಹಾಕಿದರು ಅನ್ನುವುದು ಇದಕ್ಕೇ.

ಮೊದಲ ದಿನ ದ್ಯಾಮಣ್ಣ ನಾಲ್ಕು ಸುತ್ತು ಪೆಡಲ್ ತುಳಿದು ಕ್ಲಚ್ ಬಿಟ್ಟ. ಹೊಟ್ಟೆಯೊಳಗೆ ಫಟಫಟ ಶಬ್ದ ಎದ್ದು ನನ್ನ ಪ್ರತಿ ನಟ್ಟೂ ಹಲ್ಲು ಕಟಕಟಿಸಿತು. ನಾಯಿಗಳು ಬೆನ್ನಟ್ಟಿದವು. ಕಟ್ಟೆಯ ಮೇಲಿದ್ದವರು "ದ್ಯಾಮಣ್ಣಂಗೆ ಇಮಾನ ಬಂತ್ರಲೇ" ಎಂದು ಕೇಕೆ ಹಾಕಿದರು. ಮೂರೂ ತಿರುವು ಹತ್ತಿ ಟ್ಯಾಂಕಿನ ಬುಡ ಮುಟ್ಟಿದಾಗ ಆತ ಕೋಟೆ ಗೆದ್ದವನಂತೆ ಮೀಸೆ ತಿರುವಿದ. ಇಷ್ಟು ಖುಷಿಯ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಭಯದ ನಡುವೆಯೂ ನನಗೆ ಒಂದಿಷ್ಟು ಹಿಗ್ಗಾಯಿತು, ಸುಳ್ಳೇಕೆ ಹೇಳಲಿ?

ಇಳಿಯುವಾಗ ಕೆಂಪು ಗುಂಡಿ ಒತ್ತಿ, ಎಂಜಿನ್ನು ನಿಲ್ಲಿಸಿ, ಬ್ರೇಕ್ ಹಿಡಿದು ಮೆಲ್ಲಗೇ ಬರುತ್ತಿದ್ದ. ಆಗಲೂ ಅಂಗೈ ಒದ್ದೆಯೇ. ಮೊದಲು ಮಂಡಿ ನೋವಿನ ಬೆವರು, ಈಗ ಬೇರೆ ಬೆವರು. ಆತನೂ ಹೆದರುತ್ತಿದ್ದಾನೆಂದು ಬಲ್ಲವನು ಲೋಕದಲ್ಲಿ ನಾನೊಬ್ಬನೇ.

ನನ್ನಷ್ಟೇ ಹೆದರಿದ ಇನ್ನೊಂದು ಜೀವ ತಿಪ್ಪಮ್ಮ. ಪ್ರತಿ ಮಂಗಳವಾರ ನನಗೆ ನಿಂಬೆಹಣ್ಣು ನಿವಾಳಿಸುತ್ತಿದ್ದಳು. ನಾನು ಮನೆಗೆ ಬಂದಾಗ ಬಿಸಿ ಎಂಜಿನ್ನಿನ ಕಡೆ ನೋಡಿ ಮುಖ ತಿರುಗಿಸುತ್ತಿದ್ದಳು. "ಈ ಸುಡುಗಾಡು ಬ್ಯಾಡ. ಆಗಕಿಲ್ಲ ಅಂತ ಪಂಚಾಯ್ತಿಲಿ ಒಂದ್ ಮಾತು ಹೇಳು, ಬೇರೆಯೋರ್ನ ಜೊತೆಗೆ ಹಾಕ್ಲಿ" ಎಂದರೆ, ಆತ "ಆಗಕಿಲ್ಲ ಅನ್ನೋ ಮಾತು ನನ್ ಬಾಯಲ್ಲಿ ಬರಕಿಲ್ಲ ಕಣೆ" ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಈ ಮನುಷ್ಯ ಪ್ರಾಣ ಬಿಡುತ್ತಾನೆ ಎಂದು ನಾನು ದಿನವೂ ನಡುಗುತ್ತಿದ್ದೆ.

ಇನ್ನೊಂದು ಚಿಂತೆ, ಸಲಾಕೆಯದು. ಅದನ್ನು ಕಟ್ಟುತ್ತಿದ್ದ ನಡುಬಾರಿನ ಮೇಲೆ ಈಗ ಪೆಟ್ರೋಲ್ ಟ್ಯಾಂಕು. ಕ್ಯಾರಿಯರಿಗೆ ಕಟ್ಟಿದರೆ ಹಿಂದಕ್ಕೆ ಚಾಚಿಕೊಂಡು ದಾರಿಹೋಕರನ್ನು ತಿವಿಯುತ್ತಿತ್ತು. ನೀರುಗಂಟಿ ಕೈಯಿಲ್ಲದೆ ಇದ್ದಾನು, ಸಲಾಕೆಯಿಲ್ಲದೆ ಇರಲಾರ. ಕೊನೆಗೆ ಹಿಡಿಯನ್ನು ಹ್ಯಾಂಡಲಿನ ಎಡಗಡೆಗೆ ಕೊಡೆಯಂತೆ ತಗುಲಿಹಾಕಿ, ಕೆಳತುದಿಯನ್ನು ಓರೆಯಾಗಿ ಕ್ಯಾರಿಯರಿಗೆ ಒರಗಿಸಿ ದಾರ ಕಟ್ಟಿಕೊಂಡ. ಕ್ಲಚ್ ಇದ್ದದ್ದೂ ಅದೇ ಎಡಗಡೆ.

ಒಂದು ಗುರುವಾರ ಬೆಳಿಗ್ಗೆ ಮೇಲಿನ ವಾಲ್ವ್ ಬಿಟ್ಟು ನಿಂತಿದ್ದಾಗ ಫೋನು ಬಂತು. ಮಠದ ಬೀದಿಯಲ್ಲಿ ಪೈಪ್ ಕಿತ್ತುಹೋಗಿದೆ, ಬಾಣಂತಿ ಮಲಗಿದ್ದ ಮನೆಗೇ ನೀರು ನುಗ್ಗುತ್ತಿದೆ. ಆ ಬೀದಿಯ ವಾಲ್ವ್ ಮುಚ್ಚಬೇಕು. ಇಲ್ಲೇ ಮೇಲಿನ ದೊಡ್ಡ ವಾಲ್ವನ್ನು ತಿರುಗಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಿದರೆ ಇಡೀ ಊರಿಗೆ ನೀರು ನಿಲ್ಲುತ್ತದೆ. ಇಪ್ಪತ್ತಾರು ವರ್ಷ ನಿಲ್ಲಿಸದವನಿಗೆ ಕೈ ಬರಲಿಲ್ಲ. ಕೆಳಗಿನ ಒಂದೇ ಬೀದಿಯನ್ನು ಮುಚ್ಚುತ್ತೇನೆಂದು ನನ್ನ ಮೇಲೆ ಹಾರಿ ಕೂತ. ಗಡಿಬಿಡಿಯಲ್ಲಿ ದಾರ ಕಟ್ಟಲಿಲ್ಲ. ಇಳಿಜಾರಿನಲ್ಲೇ ಎಂಜಿನ್ನು ಚಾಲೂ ಮಾಡಿದ.

ಮೊದಲ ತಿರುವು ಹೇಗೋ ದಾಟಿದೆವು. ಎರಡನೆಯದರಲ್ಲಿ ಕಲ್ಲಿಗೆ ಬಡಿದು ನಾನು ಹಾರಿದೆ; ಸಲಾಕೆ ತಿರುಗಿ, ಅದರ ಅಡ್ಡಪಟ್ಟಿ ಕ್ಲಚ್ಚಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಂಡಿತು. ದ್ಯಾಮಣ್ಣ ಕ್ಲಚ್ ಹಿಡಿದ, ಹಿಡಿ ಅಲುಗಲಿಲ್ಲ. ಬಲಗೈಯಿಂದ ಬ್ರೇಕನ್ನು ಜೀವ ಬಿಟ್ಟು ಅಮುಕಿದ. ಎಂಜಿನ್ನಿನ ವೇಗ ಏರಿಸಲು ತಿರುಗಿಸುವ ಹಿಡಿಯೂ ಅದೇ ಬಲಗೈಯಲ್ಲಿ. ಅಮುಕಿದಷ್ಟೂ ಅದು ತಿರುಗಿ ಎಂಜಿನ್ನು ಇನ್ನಷ್ಟು ಅಬ್ಬರಿಸಿತು. ರಬ್ಬರ್ ಸುಟ್ಟ ವಾಸನೆ ಬಂತು. ಗುಂಡಿ, ದ್ಯಾಮಣ್ಣ, ಕೆಂಪು ಗುಂಡಿ! ನನ್ನ ಕೂಗು ಯಾರಿಗೆ ಕೇಳಬೇಕು?

ಮೂರನೆಯ ತಿರುವಿನಾಚೆ ನಲ್ಲಿಕಟ್ಟೆ ಕಂಡಿತು. ಕೊಡ ಹಿಡಿದ ಏಳೆಂಟು ಹೆಂಗಸರು, ರಸ್ತೆಗೇ ಬೆನ್ನು ಹಾಕಿ. ಅವರಲ್ಲಿ ಹಸಿರು ಸೀರೆಯ ತಿಪ್ಪಮ್ಮ.

ಆಕೆ ಶಬ್ದ ಕೇಳಿ ತಿರುಗಿದಳು. ಮಿಕ್ಕವರು ಚೀರಿ ಚದುರಿದರು. ಆಕೆ ಮಾತ್ರ ಕೊಡ ಬಿಟ್ಟು ನೆಟ್ಟ ಕಂಬದಂತೆ ನಿಂತಳು. ಕೈಕಾಲು ಬರದಷ್ಟು ಹೆದರಿಕೆ ಹೇಗಿರುತ್ತದೆಂದು ನನಗೆ ಗೊತ್ತು. ಆಗ ದ್ಯಾಮಣ್ಣ ಮೊಟ್ಟಮೊದಲ ಬಾರಿಗೆ, ಊರೆಲ್ಲ ಕೇಳುವಂತೆ ಕೂಗಿದ:

"ತಿಪ್ಪೀ, ನನ್ ಕೈಲಿ ಆಗ್ತಿಲ್ಲ! ಅತ್ಲಾಗೆ ಸರಿಯೇ! ನನ್ ಕೈಲಿ ಆಗ್ತಿಲ್ಲ ಕಣೇ!"

ಆಕೆ ಪಕ್ಕಕ್ಕೆ ಬಿದ್ದಳು. ದ್ಯಾಮಣ್ಣ ಹ್ಯಾಂಡಲನ್ನು ಜಾಲಿಮುಳ್ಳಿನ ಕಡೆ ಎಳೆದ. ನನ್ನ ಹಿಂದಿನ ಚಕ್ರದ ಕಡ್ಡಿಗಳು ಪಟಪಟನೆ ಮುರಿದು, ಚೈನು ಸುತ್ತಿಕೊಂಡು, ನಾನು ಮುದುಡಿಕೊಂಡೆ. ಆತ ಮುಳ್ಳಿನಲ್ಲಿ, ನಾನು ಆತನ ಮೇಲೆ. ಎಂಜಿನ್ನು ಎರಡು ಸಲ ಕೆಮ್ಮಿ ತಣ್ಣಗಾಯಿತು.

ಭುಜದ ಮೂಳೆ ಮುರಿದಿತ್ತು, ಮೈಯೆಲ್ಲ ತರಚು. ಜೀವಕ್ಕೇನೂ ಆಗಲಿಲ್ಲ. ಮುಳ್ಳಿನಿಂದ ಎಬ್ಬಿಸಿದಾಗ "ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ, ನೋಡು" ಎಂದು ಯಾರೋ ನಕ್ಕರು. ತಿಪ್ಪಮ್ಮ ಅವರನ್ನು ಕಣ್ಣಿನಲ್ಲೇ ಸುಟ್ಟಳು. ಗಂಡನನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸಿ, ಸಲಾಕೆ ಎತ್ತಿಕೊಂಡು ಮಠದ ಬೀದಿಗೆ ಓಡಿದಳು. ಬಾಣಂತಿ ಮನೆಯ ನೀರು ನಿಲ್ಲಿಸಿದವಳು ಆಕೆಯೇ.

ಯರ್ರಿಸ್ವಾಮಿ ಮುಖ ಸಣ್ಣದು ಮಾಡಿಕೊಂಡು ಬಂದು ಎಂಜಿನ್ನು ಕಳಚಿದ. ಹೊಸ ಕಡ್ಡಿ ಹಾಕಿ, ಹಿಂದಿನ ಬ್ರೇಕನ್ನೂ ಹುಡುಕಿ ಕೂರಿಸಿದ. ಪಂಚಾಯ್ತಿಯಲ್ಲಿ ದ್ಯಾಮಣ್ಣ, ಕಟ್ಟು ಹಾಕಿದ ಭುಜದೊಂದಿಗೆ ಎದ್ದು ನಿಂತು ಎರಡೇ ಮಾತು ಹೇಳಿದನಂತೆ: ಮಂಡಿ ಹೋಗಿದೆ, ಹೆಂಡತಿಯನ್ನು ಜೊತೆಗೆ ಹಾಕಿ.

ಈಗ ನನ್ನ ಮೇಲೆ ಯಾರೂ ಹತ್ತುವುದಿಲ್ಲ. ನನಗೆ ವಯಸ್ಸಾಯಿತು, ಬಣ್ಣ ಉದುರಿ ಮೈಯೆಲ್ಲ ತುಕ್ಕು. ಬೆಳಿಗ್ಗೆ ತಿಪ್ಪಮ್ಮ ಸಲಾಕೆ ಹೊತ್ತು ಮುಂದೆ, ದ್ಯಾಮಣ್ಣ ಊರುಗೋಲಿನ ಬದಲು ನನ್ನನ್ನು ಹಿಡಿದು ಹಿಂದೆ. ಪ್ರತಿ ತಿರುವಿನಲ್ಲೂ ಆತ "ತಡಿಯೇ, ನೋಯ್ತೈತೆ" ಎನ್ನುತ್ತಾನೆ, ಆಕೆ ನಿಲ್ಲುತ್ತಾಳೆ. ಊರಿಗೆ ನೀರು ಏಳಕ್ಕೆ ಬರುತ್ತದೆ. ಮೊದಮೊದಲು ಹೆಂಗಸರು ಗೊಣಗಿದರು, ಈಗ ಏಳಕ್ಕೇ ಕೊಡ ತರುತ್ತಾರೆ.

ಇಳಿಜಾರು ಕಂಡರೆ ನನಗೆ ಈಗಲೂ ನಡುಕವೇ. ಇಳಿಯುವಾಗ ದ್ಯಾಮಣ್ಣ ಎರಡೂ ಬ್ರೇಕು ಹಿಡಿಯುತ್ತಾನೆ. ಸಾಲದೆಂದು ತಿಪ್ಪಮ್ಮ ಹಿಂದಿನಿಂದ ನನ್ನ ಕ್ಯಾರಿಯರ್ ಹಿಡಿದುಕೊಳ್ಳುತ್ತಾಳೆ. "ಹೆದರಿಕೆ ಆಗ್ತೈತೇನೇ?" ಎಂದು ಆತ ಕೇಳುತ್ತಾನೆ. "ಹೂಂ, ನಿಂಗೆ?" ಎನ್ನುತ್ತಾಳೆ. "ನಂಗೂ ಆಗ್ತೈತೆ" ಎನ್ನುತ್ತಾನೆ. ಮೂವರೂ ಹೆದರಿಕೊಂಡೇ, ಮೆಲ್ಲಗೆ ಮನೆಗೆ ಬರುತ್ತೇವೆ.